ಮಗುವಿಗೆ ನಂಬರಿದೆ, ಪಾಠಕ್ಕಿಲ್ಲ

"ಯಾರತ್ರನಾದ್ರೂ ಬೆಳಕು ಪಾಠದ ಪಿಪಿಟಿ ಇದ್ರೆ ಹಾಕಿ ಸಾರ್, ನಾಳೆ ತಗೋಬೇಕು."

ಮಂಡ್ಯ ಕಡೆಯ ವಿಜ್ಞಾನ ಶಿಕ್ಷಕರ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ರಾತ್ರಿ ಒಂಬತ್ತೂವರೆಗೆ ಬಿದ್ದ ಸಂದೇಶ ಇದು. ಹತ್ತು ನಿಮಿಷದಲ್ಲಿ ನಾಲ್ಕು ಕಡತ ಬಂದವು. ಒಂದು ಇಂಗ್ಲಿಷ್ ಮಾಧ್ಯಮದ್ದು. ಇನ್ನೊಂದು ಎಂಟನೇ ತರಗತಿಯ ಬೆಳಕು. ಮೂರನೆಯದು ತೆರೆಯಲೇ ಇಲ್ಲ. ನಾಲ್ಕನೆಯದರ ಹೆಸರು ‘ಹತ್ತನೇ ತರಗತಿ ಅಧ್ಯಾಯ 10’. ಒಳಗಿದ್ದದ್ದು ಮಾತ್ರ ಕಣ್ಣಿನ ಪಾಠ. ಹತ್ತು ಅಂದ್ರೆ ಬೆಳಕಲ್ವಾ ಎಂದು ಯಾರೋ ಕೇಳಿದರು. ಈಗ ಅದು ಒಂಬತ್ತು ಎಂದು ಇನ್ನೊಬ್ಬರು. ನಮ್ಮ ಪುಸ್ತಕದಲ್ಲಿ ಹಂಗಿಲ್ವಲ್ಲ ಎಂದು ಮತ್ತೊಬ್ಬರು. ಅಷ್ಟರಲ್ಲಿ ಯಾರೋ ಶುಭರಾತ್ರಿಯ ಗುಲಾಬಿ ಹಾಕಿದರು, ಮಾತು ಅಲ್ಲಿಗೇ ನಿಂತಿತು.

ಇದನ್ನು ನನಗೆ ತೋರಿಸಿದವಳು ಪಾಂಡವಪುರದ ಹತ್ತಿರ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ಗೆಳತಿ. ಮೈಸೂರಿನಲ್ಲಿ ಒಟ್ಟಿಗೆ ಬಿ.ಎಡ್. ಮಾಡಿದವರು ನಾವು. ಅವಳು ಮೇಡಂ ಆದಳು, ನಾನು ಎರಡು ವರ್ಷ ಪಾಠ ಮಾಡಿ ಡೇಟಾಬೇಸ್ ಕೆಲಸಕ್ಕೆ ಬಿದ್ದೆ. "ಪ್ರತಿ ವರ್ಷ ಇದೇ ಕಣೋ. ಕೇಳೋರು ಅವ್ರೇ, ಹಾಕೋರು ಅವ್ರೇ. ಹೋದ ವರ್ಷ ಹಾಕಿದ್ದು ಎಲ್ಲಿ ಹೋಯ್ತು ಅಂತ ಯಾರ್ಗೂ ಗೊತ್ತಿಲ್ಲ," ಎಂದಳು.

ಆ ಒಂಬತ್ತು–ಹತ್ತರ ಗೊಂದಲಕ್ಕೆ ಕಾರಣವಿದೆ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಮೊದಲು 16 ಅಧ್ಯಾಯಗಳಿದ್ದವು. ಕೊರೊನಾ ನಂತರ ಹೊರೆ ಇಳಿಸುವ ಹೆಸರಲ್ಲಿ ಧಾತುಗಳ ಆವರ್ತನೀಯ ವರ್ಗೀಕರಣ, ಶಕ್ತಿಯ ಆಕರಗಳು, ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆ ಕೈಬಿಟ್ಟುಹೋಗಿ 13 ಉಳಿದವು. ಐದನೆಯದಾಗಿದ್ದ ಧಾತುಗಳ ವರ್ಗೀಕರಣ ಹೋಯಿತು ಎಂದಮೇಲೆ ಅದರ ನಂತರದ್ದೆಲ್ಲ ಒಂದು ಮೆಟ್ಟಿಲಾದರೂ ಇಳಿಯಲೇಬೇಕಲ್ಲ. ಜೀವಕ್ರಿಯೆಗಳು ಆರರಿಂದ ಐದಕ್ಕೆ, ಬೆಳಕು ಹತ್ತರಿಂದ ಒಂಬತ್ತಕ್ಕೆ, ಕಣ್ಣು ಹನ್ನೊಂದರಿಂದ ಹತ್ತಕ್ಕೆ. ನಮ್ಮ ರಾಜ್ಯದ ಪುಸ್ತಕವೋ ಎರಡು ಭಾಗದಲ್ಲಿ ಅಚ್ಚಾಗಿ ಬರುತ್ತದೆ. ‘ಅಧ್ಯಾಯ 10’ ಎಂದು ಹೆಸರಿಟ್ಟ ಸಾವಿರಾರು ವೀಡಿಯೊ, ಪಿಪಿಟಿ, ಪ್ರಶ್ನೆಪತ್ರಿಕೆಗಳು ಜಾಲದಲ್ಲಿ ಹಾಗೇ ಇವೆ. ಬೆಳಕಿನ ಕಿರಣ ನಿಮ್ನ ದರ್ಪಣಕ್ಕೆ ಬಿದ್ದು ಹೊರಳುವ ರೀತಿ ಎಳ್ಳಷ್ಟೂ ಬದಲಾಗಿಲ್ಲ, ಅದರ ವಿಳಾಸ ಮಾತ್ರ ಹಾಳಾಯಿತು.

ಶಾಲಾ ಶಿಕ್ಷಣದಲ್ಲಿ ಸಾಮಗ್ರಿ ಇಲ್ಲ ಎಂಬ ಕೊರಗು ಹಳೆಯದು. ಇವತ್ತು ಸಾಮಗ್ರಿ ಬೇಕಾದಷ್ಟಿದೆ. ಯಾವುದು ಯಾವ ಕಲಿಕೆಗೆ ಎಂದು ಯಂತ್ರಕ್ಕೂ ಮನುಷ್ಯರಿಗೂ ಒಟ್ಟಿಗೆ ತಿಳಿಯುವ ಹಾಗೆ ಬರೆದಿಟ್ಟ ದಾಖಲೆ ಇಲ್ಲ. ಪಾಠದ ವಿಳಾಸವನ್ನು ಪುಸ್ತಕದ ಪುಟಕ್ಕೆ, ಅಧ್ಯಾಯದ ಸಂಖ್ಯೆಗೆ ಕಟ್ಟಿಹಾಕಿದ್ದೇವೆ. ಪುಸ್ತಕವೇ ನಮ್ಮಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವ ವಸ್ತು.

ಶಾಲೆಯಲ್ಲಿ ಉಳಿದದ್ದಕ್ಕೆಲ್ಲ ಸಂಖ್ಯೆ ಇದೆ ನೋಡಿ. ಕರ್ನಾಟಕದ ಪ್ರತಿ ಶಾಲೆಗೆ 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಕೋಡ್. ಪ್ರತಿ ಮಗುವಿಗೆ ಎಸ್‌ಎಟಿಎಸ್ ಸಂಖ್ಯೆ. ಮಗು ಕೆ.ಆರ್. ಪೇಟೆಯಿಂದ ನಂಜನಗೂಡಿಗೆ ವರ್ಗಾವಣೆಯಾದರೂ ಆ ಸಂಖ್ಯೆ ಜೊತೆಗೇ ಹೋಗುತ್ತದೆ. ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಂದಿ ಬಾಳೆಹಣ್ಣು ತೆಗೆದುಕೊಂಡರು ಎಂಬುದಕ್ಕೂ ಲೆಕ್ಕ. ಆದರೆ ‘ಗೋಳೀಯ ದರ್ಪಣಗಳಲ್ಲಿ ಪ್ರತಿಬಿಂಬ ಉಂಟಾಗುವುದನ್ನು ಕಿರಣಚಿತ್ರ ಬಿಡಿಸಿ ವಿವರಿಸುವುದು’ ಎಂಬ ಕಲಿಕಾಂಶಕ್ಕೆ, ಪುಸ್ತಕ ಬದಲಾದರೂ ಬದಲಾಗದ ಒಂದು ಸಂಖ್ಯೆ ಇಲ್ಲ.

ಮಂಡ್ಯ–ಮೈಸೂರು ಕಡೆಯವರಿಗೆ ಇದನ್ನು ವಿವರಿಸಲು ಕಂಪ್ಯೂಟರಿನ ಭಾಷೆ ಬೇಡ, ಪಹಣಿ ಸಾಕು. ಜಮೀನು ಅಪ್ಪನಿಂದ ಮಗನಿಗೆ ಬರಲಿ, ಮಾರಾಟವಾಗಲಿ, ಕಬ್ಬು ಬಿಟ್ಟು ಭತ್ತ ಹಾಕಲಿ, ಸರ್ವೆ ನಂಬರ್ ಅದೇ. ಅಣ್ಣತಮ್ಮಂದಿರು ಪಾಲಾದರೆ ಪೋಡಿ ಮಾಡಿ ಹಿಸ್ಸಾ ಬೀಳುತ್ತದೆ. ಹಳೆಯ ನಂಬರಿಂದಲೇ ಹುಟ್ಟಿದ್ದು ಇದು ಎಂದು ದಾಖಲೆಯಲ್ಲಿ ಗೊತ್ತಾಗುತ್ತದೆ. ಸಾಲ, ಬೆಳೆವಿಮೆ, ಪರಿಹಾರ ಎಲ್ಲವೂ ಆ ನಂಬರಿಗೆ ಬಂದು ಕೂರುತ್ತವೆ. ಬ್ಯಾಂಕಿನವರು, ಕೃಷಿ ಇಲಾಖೆಯವರು ಒಬ್ಬರನ್ನೊಬ್ಬರು ಕೇಳಬೇಕಿಲ್ಲ. ಪಠ್ಯಕ್ರಮವನ್ನು ‘ರಚನಾಬದ್ಧ ಮುಕ್ತ ದತ್ತಾಂಶ’ವಾಗಿ ಪ್ರಕಟಿಸಿ ಎಂದು ಕೇಳುವವರ ಬೇಡಿಕೆ ಹೆಚ್ಚುಕಡಿಮೆ ಇಷ್ಟೇ. ಪ್ರತಿ ಕಲಿಕಾಂಶಕ್ಕೂ ಒಂದು ಸರ್ವೆ ನಂಬರ್ ಕೊಡಿ, ಅದು ಒಡೆದರೆ ಹಿಸ್ಸಾ ತೋರಿಸಿ, ಆ ದಾಖಲೆಯನ್ನು ಯಾರು ಬೇಕಾದರೂ ಓದಿ ಬಳಸುವ ಹಾಗೆ ಇಡಿ. ಆಮೇಲೆ ವೀಡಿಯೊ ಮಾಡಿದವರು, ಪ್ರಶ್ನೆ ಬರೆದವರು, ಪ್ರಯೋಗದ ಕಿಟ್ ಕೊಟ್ಟವರು ತಂತಮ್ಮ ಸಾಮಗ್ರಿಯನ್ನು ಆ ನಂಬರಿಗೆ ಜೋಡಿಸಿಕೊಳ್ಳುತ್ತಾರೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಇದೆಯಲ್ಲ ಎನ್ನುತ್ತೀರಿ. ಇದೆ, ಒಳ್ಳೆಯ ಕೆಲಸವನ್ನೂ ಮಾಡಿದೆ. 2017ರ ಸೆಪ್ಟೆಂಬರ್ 5ರಂದು ಶುರುವಾದ ಈ ವೇದಿಕೆಯ ತಳಪಾಯ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶ. ನಮ್ಮ ಪಠ್ಯಪುಸ್ತಕಗಳಲ್ಲಿ ಅಧ್ಯಾಯದ ಬಳಿ ಚೌಕದ ಕ್ಯೂಆರ್ ಗುರುತು, ಅದರ ಜೊತೆ ಆರು ಅಕ್ಷರ–ಅಂಕಿಗಳ ಸಂಕೇತ ಬರುತ್ತದಲ್ಲ, ಅದು ಇದರದ್ದೇ. ಮೊಬೈಲು ಹಿಡಿದರೆ ಆ ಪಾಠದ ವೀಡಿಯೊ, ಅಭ್ಯಾಸ ತೆರೆಯುತ್ತದೆ. ಪುಸ್ತಕ ಮತ್ತೆ ಅಚ್ಚು ಹಾಕದೆ ಗುರುತಿನ ಹಿಂದಿರುವ ಸಾಮಗ್ರಿಯನ್ನು ಬದಲಿಸಬಹುದು ಎಂಬುದು ಜಾಣ ಉಪಾಯ. ಪ್ರತಿ ಸಾಮಗ್ರಿಗೂ ಮಂಡಳಿ, ಮಾಧ್ಯಮ, ತರಗತಿ, ವಿಷಯ ಎಂಬ ಪಟ್ಟಿಯನ್ನೂ ಅದು ಅಂಟಿಸುತ್ತದೆ.

ಕೊರತೆಯೂ ಆ ಪಟ್ಟಿಯಲ್ಲೇ ಕಾಣುತ್ತದೆ. ‘ಕರ್ನಾಟಕ, ಕನ್ನಡ, ಹತ್ತು, ವಿಜ್ಞಾನ’ ಎಂದರೆ ತಾಲ್ಲೂಕಿನ ಹೆಸರು ಹೇಳಿದ ಹಾಗೆ, ಜಮೀನು ಸಿಗಲಿಲ್ಲ. ಕ್ಯೂಆರ್ ಕೂತಿರುವುದು ಪುಟದ ಮೇಲೆ. ಆ ಪುಟ ಹೋದ ದಿನ ಅದರ ಹಿಂದಿನ ಸಾಮಗ್ರಿಗೆ ಮನೆಯಿಲ್ಲ. ಹಿಂದಿನ ವರ್ಷದ ಪುಸ್ತಕದ ಒಂದು ಗುರುತಿಗೆ ಗೆಳತಿ ನನ್ನೆದುರೇ ಮೊಬೈಲು ಹಿಡಿದಳು. ಚಕ್ರ ಸುತ್ತಿತು, ಸುತ್ತಿತು, ಕೊನೆಗೆ ಸಾಮಗ್ರಿ ಇಲ್ಲ ಎಂಬ ಉತ್ತರ ಬಂತು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಪುಟ ಹೋಗುವುದು ನಮ್ಮಲ್ಲಿ ಅಪರೂಪವೂ ಅಲ್ಲ. ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥ ಸಮಿತಿ ಮತ್ತೆ ಪರಿಷ್ಕರಿಸಿದ್ದು, 2022ರಲ್ಲಿ ಅದರ ಸುತ್ತ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಆರರಿಂದ ಹತ್ತರವರೆಗಿನ ಕನ್ನಡ, ಸಮಾಜ ವಿಜ್ಞಾನದ ಕೆಲವು ಪಾಠಗಳನ್ನು ತೆಗೆಯಲು, ಕೆಲವನ್ನು ಸೇರಿಸಲು ತೀರ್ಮಾನಿಸಿದಾಗ ಪುಸ್ತಕಗಳು ಆಗಲೇ ಮಕ್ಕಳ ಕೈಯಲ್ಲಿದ್ದವು. ಪೂರಕ ಪುಸ್ತಿಕೆ ಕಳಿಸಬೇಕಾಯಿತು. ಯಾರು ಸರಿ ಎಂಬ ಜಗಳಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಇನ್ನೂ ಬದಲಾವಣೆ ಬರಲಿದೆ ಎಂಬುದಂತೂ ಖಚಿತ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಅತ್ತ ಎನ್‌ಸಿಇಆರ್‌ಟಿ 2023ರಿಂದ ಒಂದೊಂದೇ ತರಗತಿಗೆ ಹೊಸ ಪುಸ್ತಕ ತರುತ್ತಿದೆ. ಪ್ರತಿ ಸಲವೂ ಹಳೆಯ ಕೊಂಡಿಗಳೆಲ್ಲ ಕಳಚಿ, ಶಿಕ್ಷಕರು ಮತ್ತೆ ಗುಂಪಿನಲ್ಲಿ ‘ಯಾರತ್ರನಾದ್ರೂ ಇದ್ರೆ’ ಎಂದು ಕೇಳಬೇಕೆ?

ಸಂಕೇತಗಳೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 2017ರಲ್ಲಿ ಎನ್‌ಸಿಇಆರ್‌ಟಿ ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ಪ್ರಕಟಿಸಿತು. ಅದೇ ವರ್ಷ ನವೆಂಬರ್ 13ರಂದು 3, 5, 8ನೇ ತರಗತಿಗಳಿಗೆ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಪ್ರತಿ ಕಲಿಕಾ ಫಲಕ್ಕೂ ಸಂಕೇತವಿತ್ತು. ಮೊದಲು ವಿಷಯದ ಅಕ್ಷರ, ಆಮೇಲೆ ತರಗತಿ, ಆಮೇಲೆ ಕ್ರಮಸಂಖ್ಯೆ. ‘ಎಲ್ 304’ ಎಂದರೆ ಮೂರನೇ ತರಗತಿಯ ಭಾಷೆಯದ್ದು. ಜಿಲ್ಲಾವಾರು ವರದಿಯಲ್ಲಿ ಯಾವ ಸಂಕೇತದಲ್ಲಿ ಎಷ್ಟು ಶೇಕಡಾ ಮಕ್ಕಳು ಸರಿಯುತ್ತರ ಕೊಟ್ಟರು ಎಂದು ಸಾಲಾಗಿ ಕೊಟ್ಟಿದ್ದರು. ಮಂಡ್ಯದ್ದೂ ಇತ್ತು, ಮೈಸೂರಿನದ್ದೂ ಇತ್ತು. ಅಂದರೆ ಎಲ್ಲಿ ನೋವಿದೆ ಎಂದು ಬೆರಳಿಟ್ಟು ತೋರಿಸಿದರು. ಆ ಸಂಕೇತವನ್ನು ಒತ್ತಿದರೆ ಅದನ್ನು ಕಲಿಸುವ ಚಟುವಟಿಕೆ, ಕಾರ್ಡು, ಕಥೆ ತೆರೆದುಕೊಳ್ಳುವ ವ್ಯವಸ್ಥೆ ಮಾತ್ರ ಇರಲಿಲ್ಲ. ರಕ್ತಪರೀಕ್ಷೆಯ ಚೀಟಿ ಕೊಟ್ಟು ಔಷಧದ ಚೀಟಿ ಕೊಡದೆ ಕಳಿಸಿದ ಹಾಗಾಯಿತು.

2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ಹೆಜ್ಜೆ ಮುಂದೆ ಹೋಗಿ ಪಠ್ಯಕ್ರಮದ ಗುರಿಗಳಿಗೆ ‘ಸಿಜಿ-1’, ಸಾಮರ್ಥ್ಯಗಳಿಗೆ ‘ಸಿ-1.1’ ಎಂದು ಸಂಖ್ಯೆ ಕೊಟ್ಟಿದೆ. ಖುಷಿಯಿಂದ ಕೋಷ್ಟಕಕ್ಕೆ ಹಾಕಲು ಕೂತೆ. ಗಣಿತದಲ್ಲೂ ಸಿ-1.1, ವಿಜ್ಞಾನದಲ್ಲೂ ಸಿ-1.1, ಒಂದೇ ವಿಷಯದ ಬೇರೆ ಬೇರೆ ಹಂತದಲ್ಲೂ ಸಿ-1.1! ಊರಿನ ಪ್ರತಿ ಬೀದಿಯಲ್ಲೂ ಒಂದನೇ ನಂಬರಿನ ಮನೆ ಇದ್ದ ಹಾಗೆ. ಓದುವವರಿಗೆ ತೊಂದರೆಯಿಲ್ಲ, ಅಂಚೆಯಣ್ಣನ ಪಾಡು ಕೇಳಬೇಡಿ. ಜೊತೆಗೆ ಅದಿರುವುದು ಪಿಡಿಎಫ್‌ನಲ್ಲಿ.

ನನಗೆ ಬೇಸರ ತರುವುದು ಇದಲ್ಲ. ಇದಕ್ಕೆ ಉತ್ತರ ನಮ್ಮ ಮೈಸೂರು ಜಿಲ್ಲೆಯಲ್ಲೇ ಹುಟ್ಟಿತ್ತು ಎಂಬುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿಬಂದು ನಲಿಕಲಿ ಶುರುಮಾಡಿದರು. ನಲಿಕಲಿ ಕೊಠಡಿ ನೋಡಿದವರಿಗೆ ಗೋಡೆಯ ಮೇಲಿನ ಕಲಿಕಾ ಏಣಿ ನೆನಪಿರುತ್ತದೆ. ಇಡೀ ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಪ್ರತಿ ಮೆಟ್ಟಿಲಿಗೂ ಒಂದು ಲಾಂಛನ, ಒಂದು ಸಂಖ್ಯೆ. ಅದೇ ಲಾಂಛನ, ಅದೇ ಸಂಖ್ಯೆ ಟ್ರೇನಲ್ಲಿರುವ ಕಾರ್ಡಿನ ಮೇಲೂ. ಓದಲು ಬಾರದ ಆರು ವರ್ಷದ ಮಗು ಏಣಿ ನೋಡುತ್ತದೆ, ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಬೆರಳಿಡುತ್ತದೆ, ಚಿತ್ರ ಹೊಂದಿಸಿ ಕಾರ್ಡು ತೆಗೆಯುತ್ತದೆ, ಯಾವ ತಟ್ಟೆಯಲ್ಲಿ (ಗುಂಪನ್ನು ಅಲ್ಲಿ ಹಾಗೆ ಕರೆಯುತ್ತಾರೆ) ಕೂರಬೇಕೋ ಅಲ್ಲಿಗೆ ಹೋಗಿ ಕೂರುತ್ತದೆ. ಕಾರ್ಡು ಹರಿದರೆ ಮೇಡಂ ಬೇರೆ ಕಾರ್ಡು ಬರೆದು ಅದೇ ಲಾಂಛನ ಅಂಟಿಸುತ್ತಾರೆ. ಏಣಿಗೆ ಏನೂ ಆಗುವುದಿಲ್ಲ.

ಪಠ್ಯಕ್ರಮ ಒಂದು ಕಡೆ, ಸಾಮಗ್ರಿ ಇನ್ನೊಂದು ಕಡೆ, ನಡುವೆ ಬದಲಾಗದ ಗುರುತು. ಸಾಮಗ್ರಿ ಬದಲಾದರೂ ಕೊಂಡಿ ಉಳಿಯುತ್ತದೆ. ಲಂಡನ್ನಿನಲ್ಲೋ ಆಸ್ಲೊದಲ್ಲೋ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ ದೊಡ್ಡ ಹೆಸರಿಟ್ಟು ಕರೆದರು. 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ನಲಿಕಲಿ ಹೋಯಿತು. ಆದರೆ ನಲಿಕಲಿಯ ತರಗತಿಗಳನ್ನು ದಾಟಿ ಮುಂದಕ್ಕೆ ಕಾಲಿಟ್ಟ ಕೂಡಲೆ ಮಗು ಏಣಿ ಬಿಟ್ಟು ಅಧ್ಯಾಯಕ್ಕೆ ಬೀಳುತ್ತದೆ.

ನಾರ್ವೆಯ ಹೆಸರೆತ್ತಿದರೆ ಮೂಗು ಮುರಿಯುವವರಿದ್ದಾರೆ. ಶ್ರೀಮಂತ ದೇಶ, ನಮ್ಮ ರಾಜ್ಯದ ಒಂದು ಮೂಲೆಯಷ್ಟು ಜನ. ಆದರೂ ಅವರು ಮಾಡಿದ್ದು ದುಬಾರಿ ಕೆಲಸವಲ್ಲ. ಅಲ್ಲಿನ ಶಿಕ್ಷಣ ನಿರ್ದೇಶನಾಲಯ ಇಡೀ ಪಠ್ಯಕ್ರಮವನ್ನು ‘ಗ್ರೆಪ್’ ಎಂಬ ಮುಕ್ತ ದತ್ತಾಂಶವಾಗಿ ಇಟ್ಟಿದೆ. 2020ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದ ಪ್ರತಿ ಸಾಮರ್ಥ್ಯ ಗುರಿಗೂ ‘ಕೆಎಂ’ ಎಂದು ಶುರುವಾಗುವ ಸಂಕೇತವಿದೆ. ಪುಸ್ತಕ ಪ್ರಕಾಶಕರು, ಸಾರ್ವಜನಿಕ ಕಲಿಕಾ ಜಾಲತಾಣಗಳು ತಮ್ಮ ಪಾಠವನ್ನು ಆ ಸಂಕೇತಕ್ಕೆ ಕಟ್ಟುತ್ತವೆ. ಗುರಿ ಹಳತಾದರೆ ಅಳಿಸುವುದಿಲ್ಲ, ಅವಧಿ ಮುಗಿದಿದೆ ಎಂದು ಗುರುತು ಹಾಕುತ್ತಾರೆ. ಇನ್ನು ಸಾಮಗ್ರಿಯ ಕಡೆಗೆ ಹೇಗೆ ಬರೆಯಬೇಕು ಎಂಬುದಕ್ಕೂ ಒಪ್ಪಿತ ಪದ್ಧತಿ ಇದೆ. ‘ಎಲ್‌ಆರ್‌ಎಂಐ’ ಎಂಬ ಪದಪಟ್ಟಿ 2011ರಲ್ಲಿ ಶುರುವಾಗಿ 2013ರಲ್ಲಿ ಶೋಧಯಂತ್ರಗಳು ಒಪ್ಪಿಕೊಂಡ ಸ್ಕೀಮಾ ಡಾಟ್ ಆರ್ಗ್ ಎಂಬ ಪದಕೋಶದೊಳಗೆ ಸೇರಿತು. ಜಾಲಪುಟದಲ್ಲಿ ಓದುಗರಿಗೆ ಕಾಣದ ನಾಲ್ಕು ಸಾಲು ಬರೆದರೆ ಮುಗಿಯಿತು: ಇದು ಕಲಿಕಾ ಸಾಮಗ್ರಿ, ಇಂಥ ವಯಸ್ಸಿನವರಿಗೆ, ಇದನ್ನು ಕಲಿಸುತ್ತದೆ, ಇಂಥ ಪಠ್ಯಕ್ರಮದ ಇಂಥ ಅಂಶಕ್ಕೆ ಹೊಂದುತ್ತದೆ. ಶೋಧಯಂತ್ರಗಳಿಗೆ ಆ ಭಾಷೆ ತಿಳಿಯುತ್ತದೆ. ಆದರೆ ‘ಇಂಥ ಅಂಶಕ್ಕೆ’ ಎನ್ನುವಲ್ಲಿ ತೋರಿಸಲು ಕರ್ನಾಟಕದ ಪಠ್ಯಕ್ರಮಕ್ಕೆ ಒಂದು ವಿಳಾಸ ಇರಬೇಕಲ್ಲ, ಅಲ್ಲಿಗೆ ಬಂದು ಕೆಲಸ ನಿಲ್ಲುತ್ತದೆ.

ಎಷ್ಟು ದೊಡ್ಡ ಕಡತವಾದೀತು? ಅಂದಾಜು ಲೆಕ್ಕ ಹಾಕೋಣ. ಹತ್ತು ತರಗತಿ, ತರಗತಿಗೆ ಆರು ವಿಷಯ, ವಿಷಯಕ್ಕೆ ಹದಿನೈದು ಪಾಠ, ಪಾಠಕ್ಕೆ ಹತ್ತು ಕಲಿಕಾಂಶ ಎಂದರೆ 9,000 ಸಾಲು. ಒಂದು ಸಾಲಿಗೆ ನೂರು ಅಕ್ಷರ. ಯುನಿಕೋಡಿನ ಯುಟಿಎಫ್-8 ಎಂಬ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಒಟ್ಟು ಮೂರು ಎಂಬಿಯೊಳಗೆ ಮುಗಿಯಿತು. ಆ ಶುಭರಾತ್ರಿಯ ಗುಲಾಬಿಗಳ ಒಂದು ವಾರದ ತೂಕಕ್ಕಿಂತ ಕಡಿಮೆ. ನೆಟ್‌ವರ್ಕ್ ಸಿಗದ ಶಾಲೆಯ ಹಳೆಯ ಕಂಪ್ಯೂಟರಿನಲ್ಲೂ ಇಡಬಹುದು.

ಗಾತ್ರ ಸಣ್ಣದು, ಕನ್ನಡದ ಕಗ್ಗಂಟು ಸಣ್ಣದಲ್ಲ. ಪಠ್ಯಪುಸ್ತಕದ ಪಿಡಿಎಫ್‌ನಿಂದಲೇ ಪಾಠಗಳ ಪಟ್ಟಿ ಎತ್ತೋಣವೆಂದು ಒಮ್ಮೆ ಪ್ರಯತ್ನಪಟ್ಟೆ. ಪುಟದಲ್ಲಿ ಮುದ್ದಾದ ಕನ್ನಡ ಅಕ್ಷರ. ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ! ‘ಕನ್ನಡ’ ಎಂಬ ಪದವೇ ಹೀಗೆ ಬಂದು ಕೂತಿತು. ಯುನಿಕೋಡಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಪುಟ ಕಟ್ಟಿದರೆ ಆಗುವುದೇ ಇದು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೊಣಗಾಟ. ಇಂಥ ಕಡತವನ್ನು ಜಾಲತಾಣಕ್ಕೆ ಏರಿಸಿ ‘ಆನ್‌ಲೈನ್‌ನಲ್ಲಿ ಲಭ್ಯ’ ಎನ್ನುವುದು, ಬೀಗ ಹಾಕಿದ ಕಪಾಟನ್ನು ಜಗಲಿಗೆ ತಂದಿಟ್ಟ ಹಾಗೆ.

ಇನ್ನು ಪದಗಳು. ಗಣಿತದ ಮೇಷ್ಟ್ರು ಲ.ಸಾ.ಅ. ಎನ್ನುತ್ತಾರೆ, ಮನೆಪಾಠದವರು ಎಲ್‌ಸಿಎಂ ಎನ್ನುತ್ತಾರೆ, ವೀಡಿಯೊದ ತಲೆಬರಹದಲ್ಲಿ ‘ಲಘುತಮ ಸಾಮಾನ್ಯ ಅಪವರ್ತ್ಯ’. ದ್ಯುತಿಸಂಶ್ಲೇಷಣೆ, ದ್ಯುತಿಸಂಶ್ಲೇಷಣ ಕ್ರಿಯೆ, ಫೋಟೊಸಿಂಥೆಸಿಸ್, ‘ಸಸ್ಯಗಳ ಆಹಾರ ತಯಾರಿಕೆ’ ಎಲ್ಲ ಒಂದೇ. ಹೆಸರಿನಿಂದ ಹುಡುಕಿದರೆ ನಾಲ್ಕರಲ್ಲಿ ಮೂರು ಕೈತಪ್ಪುತ್ತವೆ. ವಿಕಿಪೀಡಿಯದ ಸೋದರ ದತ್ತಾಂಶ ತಾಣ ವಿಕಿಡೇಟಾ ಇದಕ್ಕೆ ಕಂಡುಕೊಂಡ ದಾರಿ ಸರಳ: ಹೆಸರು ಎಷ್ಟಾದರೂ ಇರಲಿ, ಪರಿಕಲ್ಪನೆಗೆ ಒಂದೇ ಸಂಖ್ಯೆ. ಭೂಮಿ ಅಲ್ಲಿ ‘ಕ್ಯೂ 2’. ಕನ್ನಡದಲ್ಲಿ ಭೂಮಿ, ಉರ್ದುವಿನಲ್ಲಿ ಜಮೀನ್, ಸಂಖ್ಯೆ ಬದಲಾಗದು. ಮೈಸೂರಿನ ಉರ್ದು ಶಾಲೆಯಲ್ಲಿ ಮಾಡಿದ ಒಳ್ಳೆಯ ಚಟುವಟಿಕೆ ನಾಗಮಂಗಲದ ಕನ್ನಡ ಶಾಲೆಗೆ ತಲುಪುವ ಹಾದಿ ಇದೊಂದೇ.

ಪರವಾನಗಿಯ ಮಾತನ್ನು ಬೇಗ ಮುಗಿಸುತ್ತೇನೆ. ಉಚಿತವಾಗಿ ಸಿಗುವುದು ಬೇರೆ, ಮುಕ್ತವಾಗಿರುವುದು ಬೇರೆ. ಎನ್‌ಸಿಇಆರ್‌ಟಿ ಪುಸ್ತಕ ಜಾಲದಲ್ಲಿ ಪುಕ್ಕಟೆ, ಹಕ್ಕು ಮಾತ್ರ ಅವರದೇ. ಅನುಮತಿಯಿಲ್ಲದೆ ಬಳಸಬಾರದೆಂದು 2024ರ ಏಪ್ರಿಲ್‌ನಲ್ಲಿ ಎಚ್ಚರಿಕೆಯನ್ನೂ ಕೊಟ್ಟರು. ಇದಕ್ಕೆ ಎದುರಾಗಿ, 2013ರಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆಗೂಡಿ ಶುರುವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ಬರೆದ ಪುಟಗಳು ಮುಕ್ತ ಪರವಾನಗಿಯಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು. ಪುಸ್ತಕದ ಹಕ್ಕು ಬೇಕಾದರೆ ಇಟ್ಟುಕೊಳ್ಳಲಿ. ಮಕ್ಕಳು ಏನು ಕಲಿಯಬೇಕು ಎಂಬ ಪಟ್ಟಿಗೆ ಹಕ್ಕು ಕಾಯ್ದಿರಿಸುವುದರಲ್ಲಿ ಅರ್ಥವಿಲ್ಲ.

ಗೆಳತಿಗೆ ಇದೆಲ್ಲ ಹೇಳಿದಾಗ ಅವಳ ಮೊದಲ ಮಾತು: "ಅಂದ್ರೆ ಇನ್ನೊಂದು ಆ್ಯಪು, ಇನ್ನೊಂದು ಎಂಟ್ರಿ." ಈ ಭಯವನ್ನು ನಾನು ತಳ್ಳಿಹಾಕಲಾರೆ. ಕಲಿಕಾಂಶಕ್ಕೆ ನಂಬರು ಬಿದ್ದ ಮರುದಿನವೇ ‘ಇವತ್ತು ಯಾವ ನಂಬರು ಮುಗಿಸಿದಿರಿ’ ಎಂದು ಕೇಳುವ ಸುತ್ತೋಲೆ ಬರುವುದು ನಮ್ಮಲ್ಲಿ ಕಷ್ಟವೇನಲ್ಲ. ಕನ್ನಡ ಮೇಷ್ಟ್ರುಗಳ ಆಕ್ಷೇಪ ಇನ್ನೂ ಆಳದ್ದು. ನಿಮ್ನ ದರ್ಪಣಕ್ಕೆ ನಂಬರು ಕೊಡಬಹುದು, ಪದ್ಯಕ್ಕೆ ಏನು ಕೊಡುತ್ತೀರಿ? ಹಳಗನ್ನಡದ ಒಂದು ಪದ್ಯ ಛಂದಸ್ಸನ್ನೂ ಕಲಿಸುತ್ತದೆ, ಸಂಕಟವನ್ನೂ ಕಲಿಸುತ್ತದೆ; ಎರಡನೆಯದಕ್ಕೆ ಸಂಕೇತ ಹುಡುಕಿದರೆ ಪಾಠವೇ ಕೆಟ್ಟೀತು. ನನಗೆ ಈ ಮಾತು ಒಪ್ಪಿಗೆ. ಗಣಿತ, ವಿಜ್ಞಾನದಿಂದ ಶುರುಮಾಡಿ, ಭಾಷೆಯಲ್ಲಿ ವ್ಯಾಕರಣ, ಓದು, ಬರಹದಷ್ಟಕ್ಕೆ ನಿಂತರೆ ಸಾಕು. ಶಿಕ್ಷಕರಿಂದ ಒಂದೇ ಒಂದು ಎಂಟ್ರಿಯನ್ನೂ ಕೇಳಬಾರದು.

ಹಾಗಾದರೆ ಮಾಡುವವರು ಯಾರು? ಪಟ್ಟಿ ಪ್ರಕಟಿಸುವುದು ಪಠ್ಯಕ್ರಮ ಮಾಡುವವರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಸಾಮಗ್ರಿಗೆ ಗುರುತು ಅಂಟಿಸುವ ಕೆಲಸಕ್ಕೆ ಮೈಸೂರಿನಷ್ಟು ಅನುಕೂಲದ ಊರು ಕಡಿಮೆ. ಮಾನಸಗಂಗೋತ್ರಿಯ ಬಳಿಯೇ 1963ರ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1969ರ ಭಾರತೀಯ ಭಾಷಾ ಸಂಸ್ಥಾನ ಇದೆ. ಒಂದು ಕಡೆ ಶಿಕ್ಷಕರಾಗಲು ಓದುವವರು, ಇನ್ನೊಂದು ಕಡೆ ಪದಗಳ ಕೆಲಸ ಬಲ್ಲವರು. ಎರಡೂ ಜಿಲ್ಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್‌ಗಳಿವೆ. ನಾವು ಬಿ.ಎಡ್. ಮಾಡುವಾಗ ಬೋಧನಾಭ್ಯಾಸಕ್ಕೆಂದು ಕೆಂಪು, ನೀಲಿ ಶಾಯಿಯಲ್ಲಿ ಗೆರೆ ಎಳೆದು ಪಾಠಯೋಜನೆ ಬರೆದದ್ದೇ ಬರೆದದ್ದು. ಪರೀಕ್ಷೆ ಮುಗಿದ ವಾರ ಎಲ್ಲ ರದ್ದಿ ಅಂಗಡಿಗೆ. ನನ್ನದು ಎರಡೂವರೆ ಕೆಜಿ ತೂಗಿತ್ತು. ಅದರ ಬದಲು ಒಬ್ಬೊಬ್ಬ ವಿದ್ಯಾರ್ಥಿ ವರ್ಷಕ್ಕೆ ಐವತ್ತು ಸಾಮಗ್ರಿಗಳನ್ನು ನೋಡಿ, ತೂಗಿ, ಇದು ಇಂಥ ಕಲಿಕಾಂಶಕ್ಕೆ ಸರಿ, ಇದು ಹೆಸರಿಗೆ ಮಾತ್ರ ಎಂದು ಗುರುತು ಹಾಕಿದರೆ ಅದೂ ಪಾಠ ಕಲಿತ ಹಾಗೆಯೇ. ಈಗಿನ ಎಐ ಮೊದಲ ಕರಡನ್ನು ನಿಮಿಷದಲ್ಲಿ ಮಾಡಿಕೊಡುತ್ತದೆ, ನಿಜ. ಆದರೆ ಯಾವ ಪಟ್ಟಿಗೆ ಹೊಂದಿಸಲಿ ಎಂದು ಅದೂ ಕೇಳುತ್ತದೆ. ಪಟ್ಟಿ ಕೊಡದಿದ್ದರೆ ತನ್ನದೇ ಪಟ್ಟಿ ಕಟ್ಟಿಕೊಳ್ಳುತ್ತದೆ.

ಹೊರಡುವ ಮೊದಲು ಗೆಳತಿ ತನ್ನ ನೋಟ್‌ಬುಕ್ ತೋರಿಸಿದಳು. ಇನ್ನೂರು ಪುಟದ ಉದ್ದ ಗೆರೆಯ ಪುಸ್ತಕ, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಎಡಕ್ಕೆ ಕಲಿಕಾಂಶ, ನಡುವೆ ‘ಹಳೇದು 10, ಕೇಂದ್ರದ್ದು 9, ನಮ್ಮದು ಭಾಗ 2’ ಎಂಬಂಥ ಟಿಪ್ಪಣಿ, ಬಲಕ್ಕೆ ಯಾವ ವೀಡಿಯೊ ಎಷ್ಟನೇ ನಿಮಿಷದಿಂದ ತೋರಿಸಬೇಕು, ಯಾವ ಪ್ರಯೋಗಕ್ಕೆ ಚಮಚ ಸಾಕು, ಯಾವುದಕ್ಕೆ ದರ್ಪಣ ಬೇಕೇ ಬೇಕು. ಆರು ವರ್ಷದ ದಾಖಲೆ. ಕೆಲವು ಸಾಲುಗಳ ಮುಂದೆ ಕೆಂಪು ಶಾಯಿಯಲ್ಲಿ ‘ಮಕ್ಕಳಿಗೆ ಅರ್ಥ ಆಗಲಿಲ್ಲ’ ಎಂದಿತ್ತು.

"ಇದನ್ನ ಯಾರಿಗಾದ್ರೂ ಕೊಡೋದಾದ್ರೆ ಎಲ್ಲಿಗೆ ಕೊಡ್ಲಿ?" ಎಂದು ಕೇಳಿದಳು. ಇಲಾಖೆಯ ತಾಣ ತೆರೆದು ಇಬ್ಬರೂ ಹುಡುಕಿದೆವು. ಹಾಜರಾತಿಗೆ ಕಿಟಕಿಯಿತ್ತು, ಮೊಟ್ಟೆಗೆ ಕಿಟಕಿಯಿತ್ತು. ನೋಟ್‌ಬುಕ್ಕನ್ನು ಅವಳು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.